ಮನೆ ಮೇಲೆ ಡಿಶ್, ಶೆಡ್‌ನಲ್ಲಿ ಟಿವಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ತೋಟದ ಮನೆ. ಮನೆಯಿಂದ ಸುಮಾರು 40 ಮೀಟರ್ ಆಚೆ ಜೀಪ್ ಶೆಡ್ ಇದೆ. ಅದರ ಒಂದು ಭಾಗಕ್ಕೆ ಗೋಡೆ ಕಟ್ಟಿ ರೂಮ್ ಮಾಡಿಕೊಂಡು ಅಲ್ಲೊಂದು ಟಿವಿ ಇಟ್ಟಿದ್ದೇನೆ. ಸಂಜೆ ಆದರೆ ಮನೆಯಲ್ಲಿ ಧಾರಾವಾಹಿ, ನನಗೆ ಕ್ರಿಕೆಟ್ ಬೇಕು, ಅದಕ್ಕೇ ಈ ಏರ್ಪಾಡು. ಎರಡನೇ ಸೆಟ್ ಟಾಪ್ ಬಾಕ್ಸ್ ತಗೊಂಡೆ. ಮನೆಯ ಡಿಶ್‌ನಿಂದ ಇಳಿಯುವ ವೈರಿಗೆ ಒಂದು ಸ್ಪ್ಲಿಟರ್ (ಒಂದು ವೈರನ್ನು ಎರಡಾಗಿ ಹಂಚುವ ಸಾಧನ) ಹಾಕಿ ಶೆಡ್‌ಗೆ ಎಳೆದೆ. ಕೆಲವು ಚಾನೆಲ್ ಚೆನ್ನಾಗಿ ಬರುತ್ತವೆ. ಆದರೆ ಮನೆಯಲ್ಲಿ ಚಾನೆಲ್ ಬದಲಾಯಿಸಿದ ತಕ್ಷಣ ನನ್ನ ಟಿವಿಯಲ್ಲಿ ಸಿಗ್ನಲ್ ಇಲ್ಲ ಅಂತ ಬರುತ್ತೆ. ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಹಾಕಿದರೆ ಸರಿಹೋಗುತ್ತಾ?
(ಓದುಗರು, ಸಕಲೇಶಪುರ ತಾಲ್ಲೂಕು)

ಉತ್ತರ: ಬೂಸ್ಟರ್‌ಗೆ ದುಡ್ಡು ಹಾಕಬೇಡಿ. ನಿಮಗೆ ಸಿಗ್ನಲ್ ಕಮ್ಮಿಯಾಗಿಲ್ಲ, ಎರಡು ಬಾಕ್ಸ್‌ಗಳು ಜಗಳ ಆಡುತ್ತಿವೆ.

ಹಳೇ ಕೇಬಲ್ ಟಿವಿ ಕಾಲದಲ್ಲಿ ಎಲ್ಲಾ ಚಾನೆಲ್‌ಗಳೂ ಒಟ್ಟಿಗೇ ಒಂದು ವೈರಿನಲ್ಲಿ ಮನೆಗೆ ಬರುತ್ತಿದ್ದವು. ಸ್ಪ್ಲಿಟರ್ ಹಾಕಿ ರೂಮಿಗೊಂದು ಟಿವಿ ಇಟ್ಟರೂ ಯಾರಿಗೂ ತೊಂದರೆ ಇರಲಿಲ್ಲ. ಡಿಶ್ ವೈರಿನ ಲೆಕ್ಕವೇ ಬೇರೆ. ಅದರಲ್ಲಿ ಚಿತ್ರ ಕೆಳಗೆ ಬರುತ್ತದೆ, ಕರೆಂಟು ಮೇಲಕ್ಕೆ ಹೋಗುತ್ತದೆ. ಡಿಶ್ ಮುಂದೆ ಕೋಲಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಸಣ್ಣ ಡಬ್ಬಿ, ಅಂದರೆ ಎಲ್‌ಎನ್‌ಬಿಗೆ ಬೇರೆ ಪವರ್ ಕನೆಕ್ಷನ್ ಇಲ್ಲ, ನಿಮ್ಮ ಬಾಕ್ಸೇ ಅದಕ್ಕೆ ಕರೆಂಟು ಕೊಡುವುದು. ಬರೀ ಕೊಡುವುದಲ್ಲ, ಆ ಕರೆಂಟಿನಲ್ಲೇ ಏನು ಬೇಕು ಅಂತ ಹೇಳುತ್ತದೆ. ಉಪಗ್ರಹದಿಂದ ಬರುವ ಅಲೆಗಳು ಎರಡು ಗುಂಪು, ಅಡ್ಡಡ್ಡ ಕಂಪಿಸುವವು ಮತ್ತು ಲಂಬವಾಗಿ ಕಂಪಿಸುವವು. ಬಾಕ್ಸ್ 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ಲಂಬದ ಗುಂಪನ್ನು ಕೊಡುತ್ತದೆ, 18 ವೋಲ್ಟ್ ಕಳಿಸಿದರೆ ಅಡ್ಡದ ಗುಂಪನ್ನು. ಒಂದು ಸಲಕ್ಕೆ ಒಂದೇ ಗುಂಪು.

ಈಗ ಒಂದೇ ವೈರಿಗೆ ಎರಡು ಬಾಕ್ಸ್ ಸಿಕ್ಕಿಸಿದ್ದೀರಿ. ಒಂದು 13 ಕೇಳುತ್ತೆ, ಇನ್ನೊಂದು 18 ಕೇಳುತ್ತೆ. ಜಾಸ್ತಿ ವೋಲ್ಟ್ ಇದ್ದದ್ದೇ ಗೆಲ್ಲುತ್ತೆ. 13 ಕೇಳಿದ ಬಾಕ್ಸ್‌ಗೆ ಅದರ ಚಾನೆಲ್ ಬರುವುದೇ ಇಲ್ಲ. ಇಬ್ಬರೂ ಒಂದೇ ಗುಂಪಿನ ಚಾನೆಲ್ ನೋಡುತ್ತಿದ್ದರೆ ಮಾತ್ರ ಶಾಂತಿ. ನೀವು ಕ್ರಿಕೆಟ್ ಹಾಕಿದಾಗ ಅತ್ತ ಮನೆಯಲ್ಲಿ ಧಾರಾವಾಹಿ ಹೋಗುತ್ತಿರಲೂಬಹುದು, ಆ ದೂರು ಇನ್ನೂ ಶೆಡ್‌ವರೆಗೆ ಬಂದಿಲ್ಲ ಅಷ್ಟೆ. ಕೆಲವು ಸ್ಪ್ಲಿಟರ್‌ಗಳು ಒಂದು ಬದಿಗೆ ಮಾತ್ರ ಕರೆಂಟ್ ಬಿಡುತ್ತವೆ. ಅಂಥದ್ದಾದರೆ ಆ ಬದಿಯ ಬಾಕ್ಸೇ ಯಜಮಾನ, ಇನ್ನೊಂದು ಅದು ಕೇಳಿದ್ದನ್ನೇ ಹಂಚಿಕೊಳ್ಳಬೇಕು. ಯಜಮಾನ ಬಾಕ್ಸಿನ ಸ್ವಿಚ್ ಆಫ್ ಮಾಡಿದರೆ ಎರಡೂ ಕಡೆ ಕತ್ತಲೆ. ‘ನಮ್ಮ ಭಾವನ ಮನೇಲಿ ಸ್ಪ್ಲಿಟರ್ ಹಾಕಿ ಎಲ್ಲಾ ಸರಿ ಬರುತ್ತಲ್ಲ’ ಅಂತ ಯಾರಾದರೂ ಹೇಳಿದರೆ ಸುಳ್ಳು ಅನ್ನಬೇಡಿ, ಅವರು ನೋಡುವ ಚಾನೆಲ್‌ಗಳೆಲ್ಲ ಒಂದೇ ಗುಂಪಿನಲ್ಲಿರಬಹುದು.

ಹಾಗೇ ಆ ಸ್ಪ್ಲಿಟರ್ ಬಿಚ್ಚಿದಾಗ ಅದರ ಮೈಮೇಲೆ ಏನು ಬರೆದಿದೆ ನೋಡಿ. 5ರಿಂದ 1000 ಮೆಗಾಹರ್ಟ್ಸ್ ಅಂತಿದ್ದರೆ ಅದು ಕೇಬಲ್ ಟಿವಿಯದ್ದು. ಎಲ್‌ಎನ್‌ಬಿಯಿಂದ ಕೆಳಗೆ ಬರುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್. ಕೇಬಲ್ ಟಿವಿಯ ಸ್ಪ್ಲಿಟರ್ ನಿಮ್ಮ ಕೆಲಸಕ್ಕೆ ಮೊದಲಿಂದಲೂ ಆಗದ ವಸ್ತು.

ಪರಿಹಾರ ಸುಲಭವಾಗಿಯೇ ಇದೆ. ಎರಡು ಬಾಯಿ ಇರುವ ಎಲ್‌ಎನ್‌ಬಿ ಸಿಗುತ್ತದೆ, ನಾಲ್ಕು ಬಾಯಿಯದ್ದೂ ಸಿಗುತ್ತದೆ. ಡಿಶ್ ಅದೇ, ಎಲ್‌ಎನ್‌ಬಿ ಮಾತ್ರ ಬದಲು. ಪ್ರತಿ ಬಾಯಿಯೂ ತನ್ನ ಬಾಕ್ಸ್ ಹೇಳಿದ್ದನ್ನು ಮಾತ್ರ ಕೇಳುತ್ತದೆ. ಒಂದು ವೈರು ಮನೆಗೆ, ಇನ್ನೊಂದು ವೈರು ನೇರ ಶೆಡ್‌ಗೆ, ನಡುವೆ ಸ್ಪ್ಲಿಟರ್ ಬೇಡ, ಬೂಸ್ಟರ್ ಬೇಡ. ನಿಮ್ಮ ಕಂಪನಿಯ ಡಿಶ್ ಹುಡುಗನಿಗೆ ಎರಡು ಟಿವಿಯ ಎಲ್‌ಎನ್‌ಬಿ ಬೇಕು ಅಂದರೆ ಅವನಿಗೆ ಗೊತ್ತಾಗುತ್ತದೆ. ಅಂಗಡಿಯಲ್ಲಿ ನೀವೇ ತರುವುದಾದರೆ ಯಾವ ಕಂಪನಿಯ ಡಿಶ್ ಅಂತ ಹೇಳಿ ತನ್ನಿ, ಎಲ್ಲಾ ಎಲ್‌ಎನ್‌ಬಿಯೂ ಎಲ್ಲದಕ್ಕೂ ಹೊಂದುವುದಿಲ್ಲ.

ಇನ್ನು ದೂರದ ವಿಷಯ. ಶೆಡ್‌ಗೆ 40 ಮೀಟರ್, ಛಾವಣಿಯಿಂದ ಇಳಿಯಲು, ಗೋಡೆ ಸುತ್ತಲು ಇನ್ನೊಂದು 15 ಅಂತಿಟ್ಟುಕೊಳ್ಳಿ. ಡಿಶ್‌ಗೆ ಸಾಮಾನ್ಯವಾಗಿ ಹಾಕುವ ಆರ್‌ಜಿ 6 ವೈರಿನಲ್ಲಿ 100 ಮೀಟರ್‌ಗೆ 1000 ಮೆಗಾಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬಲ್ (ಸಿಗ್ನಲ್ ನಷ್ಟ ಅಳೆಯುವ ಮಾಪ) ಸೋರಿ ಹೋಗುತ್ತದೆ, 2000 ದಾಟಿದರೆ 30ರ ಹತ್ತಿರ. ನಿಮ್ಮ 55 ಮೀಟರ್‌ಗೆ ಹೆಚ್ಚೆಂದರೆ 16ರಷ್ಟು ಹೋಗಬಹುದು. ಡಿಶ್ ಸರಿಯಾಗಿ ಕೂತಿದ್ದರೆ ಬಾಕ್ಸ್ ಇಷ್ಟನ್ನು ತಡೆದುಕೊಳ್ಳುತ್ತದೆ. 70, 80 ಮೀಟರ್ ಆದರೆ ದಪ್ಪನೆಯ ಆರ್‌ಜಿ 11 ತನ್ನಿ, ಇಲ್ಲವಾದರೆ ಶೆಡ್‌ನ ಮೇಲೇ ಬೇರೆ ಡಿಶ್ ಹಾಕಿ. ಬೂಸ್ಟರ್ ಹಾಕಲೇಬೇಕು ಅಂದರೂ ಅದರ ಜಾಗ ಡಿಶ್ ಹತ್ತಿರ. ಸೋತು ಬಂದ ಸಿಗ್ನಲ್‌ಗೆ ಈ ತುದಿಯಲ್ಲಿ ಬೂಸ್ಟರ್ ಕೊಟ್ಟರೆ ಅದರೊಳಗಿನ ಗದ್ದಲವೂ ಅಷ್ಟೇ ದೊಡ್ಡದಾಗುತ್ತದೆ.

ವೈರ್ ಕೊಳ್ಳುವಾಗ ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ನಡುವಿನ ತಂತಿಗೆ ಹಿಡಿದು ನೋಡಿ. ಅಂಟಿಕೊಂಡರೆ ಅದು ಒಳಗೆ ಉಕ್ಕು, ಮೇಲೆ ಮಾತ್ರ ತಾಮ್ರದ ಲೇಪ. ಸಿಗ್ನಲ್‌ಗೆ ಅದರಿಂದ ಅಂಥ ತೊಂದರೆ ಇಲ್ಲ, ಯಾಕಂದ್ರೆ ಅಷ್ಟು ಹೆಚ್ಚಿನ ಫ್ರೀಕ್ವೆನ್ಸಿ ತಂತಿಯ ಮೇಲ್ಮೈಯಲ್ಲೇ ಹರಿಯುತ್ತದೆ. ತೊಂದರೆ ಎಲ್‌ಎನ್‌ಬಿಗೆ ಹೋಗುವ ಕರೆಂಟಿಗೆ. ಕಳಪೆ ವೈರು ಉದ್ದವಾದಷ್ಟೂ ವೋಲ್ಟೇಜ್ ಇಳಿಯುತ್ತದೆ. 18 ಅಂತ ಹೊರಟಿದ್ದು ತೀರಾ ಇಳಿದು ತಲುಪಿದರೆ ಎಲ್‌ಎನ್‌ಬಿ ಅದನ್ನು 13 ಅಂತಲೇ ತಿಳಿಯುತ್ತದೆ. ಆಮೇಲೆ ಅರ್ಧ ಚಾನೆಲ್ ಬರುತ್ತೆ ಅರ್ಧ ಬರಲ್ಲ ಅಂತ ಮತ್ತೆ ನನಗೇ ಪತ್ರ ಬರೆಯುತ್ತೀರಿ. 50 ಮೀಟರ್ ಮೀರಿದ ಕೆಲಸಕ್ಕೆ ಅಪ್ಪಟ ತಾಮ್ರದ ತಂತಿಯೇ ಇರಲಿ.

ಪ್ರಶ್ನೆ: ಶೆಡ್ ಮೇಲೇ ಇನ್ನೊಂದು ಡಿಶ್ ಕೂರಿಸಿದರೆ ವೈರ್ ಎಳೆಯುವ ತಾಪತ್ರಯವೇ ಇಲ್ಲ ಅಲ್ವಾ? ಆದರೆ ನಮ್ಮ ಶೆಡ್ ಸುತ್ತ ಸಿಲ್ವರ್ ಓಕ್ ಮರಗಳಿವೆ.
(ಓದುಗರು, ಮೂಡಿಗೆರೆ)

ಉತ್ತರ: ದೂರ ಜಾಸ್ತಿ ಇದ್ದಾಗ ಇದೇ ಒಳ್ಳೆಯ ದಾರಿ. ಮರ ಅಡ್ಡ ಬರುತ್ತಾ ಇಲ್ಲವಾ ಅನ್ನುವುದು ನಿಮ್ಮ ಕಂಪನಿಯ ಉಪಗ್ರಹ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಟಾಟಾ ಪ್ಲೇ ಉಪಗ್ರಹ 83 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ಡಿಡಿ ಫ್ರೀ ಡಿಶ್ 93.5, ಡಿಶ್ ಟಿವಿ 95, ಏರ್‌ಟೆಲ್ 108.2. ಹಾಸನ, ಚಿಕ್ಕಮಗಳೂರು ಕಡೆಯಿಂದ ನೋಡಿದರೆ ಟಾಟಾ ಪ್ಲೇ ಹೆಚ್ಚುಕಮ್ಮಿ ನೆತ್ತಿಯ ಮೇಲೆ, ಅಂದರೆ ನೆಲದಿಂದ ಸುಮಾರು 72 ಡಿಗ್ರಿ ಎತ್ತರದಲ್ಲಿ, ದಕ್ಷಿಣಕ್ಕೆ ಕೊಂಚ ಪೂರ್ವಕ್ಕೆ ವಾಲಿದಂತೆ. ಫ್ರೀ ಡಿಶ್ ಆಗ್ನೇಯಕ್ಕೆ, ಸುಮಾರು 65 ಡಿಗ್ರಿ. ಏರ್‌ಟೆಲ್ ಪೂರ್ವದ ಕಡೆಗೆ, ಸ್ವಲ್ಪ ದಕ್ಷಿಣಕ್ಕೆ ತಿರುಗಿ, ಸುಮಾರು 50 ಡಿಗ್ರಿ.

ಡಿಶ್ ತಟ್ಟೆಯ ಮುಖ ನೋಡಿ ಅಂದಾಜು ಮಾಡಲು ಹೋಗಬೇಡಿ. ಆ ತಟ್ಟೆಯ ವಿನ್ಯಾಸವೇ ಹಾಗೆ, ಅದು ನೋಡುತ್ತಿರುವ ಜಾಗ ನಮಗೆ ಕಾಣುವುದಕ್ಕಿಂತ 20, 25 ಡಿಗ್ರಿ ಮೇಲಿರುತ್ತದೆ. ಎದುರಿನ ಗುಡ್ಡ ಅಡ್ಡ ಬರುತ್ತೆ ಅಂತ ಹೆದರುವವರು ಬಹಳ ಜನ. ನಮ್ಮ ಕಡೆ ಗುಡ್ಡ ಅಡ್ಡ ಬರುವುದು ಅಪರೂಪ, ಅಡ್ಡ ಬರುವುದು ಶೆಡ್‌ನ ಪಕ್ಕದ ಮರ.

ಮರದ ಲೆಕ್ಕ ಹೀಗೆ. ಡಿಶ್‌ಗಿಂತ 20 ಮೀಟರ್ ಮೇಲೆ ತಲೆ ಎತ್ತಿದ ಸಿಲ್ವರ್ ಓಕ್ ಉಪಗ್ರಹದ ದಿಕ್ಕಿನಲ್ಲೇ ಇದ್ದರೆ ಏರ್‌ಟೆಲ್ ಡಿಶ್ ಅದರಿಂದ 17 ಮೀಟರ್ ದೂರ ಇರಬೇಕು, ಫ್ರೀ ಡಿಶ್ ಆದರೆ 10 ಮೀಟರ್ ಸಾಕು, ಟಾಟಾ ಪ್ಲೇಗೆ 7. ಇದು ಕಾಂಡದಿಂದಲ್ಲ, ಕೊಂಬೆ ಚಾಚಿದ ತುದಿಯಿಂದ. ಮರ ಬೆಳೆಯುತ್ತದೆ ಅನ್ನುವುದೂ ನೆನಪಿರಲಿ. ಪ್ರತಿ ವರ್ಷ ಮಳೆಗೆ ಮುಂಚೆ ನೆರಳು ಕಪಾತು (ನೆರಳಿನ ಮರಗಳ ಕೊಂಬೆ ಸವರುವುದು) ಮಾಡಿಸುವಾಗ ಆ ಒಂದು ದಿಕ್ಕಿನ ಕೊಂಬೆಯನ್ನೂ ಕಡಿಸಿಬಿಟ್ಟರೆ ಆಯ್ತು.

ಲೆಕ್ಕ ಬೇಡ ಅನ್ನುವವರಿಗೆ ಸೂರ್ಯನೇ ಇದ್ದಾನೆ. ಮಾರ್ಚ್ 15ರ ಆಸುಪಾಸು ಕೆಲವು ದಿನ ಸೂರ್ಯ ಈ ಉಪಗ್ರಹಗಳ ಬೆನ್ನ ಹಿಂದೆಯೇ ಹಾದುಹೋಗುತ್ತಾನೆ. ನಮ್ಮ ಊರುಗಳಲ್ಲಿ ಬೆಳಿಗ್ಗೆ ಸುಮಾರು 10ಕ್ಕೆ ಏರ್‌ಟೆಲ್ ಜಾಗದಲ್ಲಿ, 11 ಕಾಲಿಗೆ ಫ್ರೀ ಡಿಶ್ ಜಾಗದಲ್ಲಿ, 12ಕ್ಕೆ ಟಾಟಾ ಪ್ಲೇ ಜಾಗದಲ್ಲಿ. ಸೆಪ್ಟೆಂಬರ್ ಕೊನೆಯಲ್ಲಿ ಇದೇ ಇನ್ನೊಮ್ಮೆ ಆಗುತ್ತದೆ, 15, 20 ನಿಮಿಷ ಮೊದಲು. ಆ ಹೊತ್ತಿಗೆ ಶೆಡ್ ಮೇಲೆ ಎಲ್ಲಿ ಬಿಸಿಲು ಬಿದ್ದಿದೆಯೋ ಅಲ್ಲಿ ಡಿಶ್ ಕೂರಿಸಬಹುದು, ನೆರಳು ಬಿದ್ದಿದ್ದರೆ ಆ ಜಾಗ ಬಿಡಿ. ಅದೇ ದಿನಗಳಲ್ಲಿ ಕೆಲವು ನಿಮಿಷ ಟಿವಿ ತಾನೇ ನಿಂತು ಮತ್ತೆ ಬರುವುದೂ ಸೂರ್ಯನಿಂದಲೇ. ಯಾರನ್ನೂ ರಿಪೇರಿಗೆ ಕರೆಯಬೇಡಿ.

ಜಿಂಕ್ ಶೀಟಿಗೆ ಡಿಶ್ ಬಿಗಿಯಬೇಡಿ ಮಾತ್ರ. ಗಾಳಿಗೆ ಶೀಟ್ ಅಲುಗಿದರೆ ಡಿಶ್ ಅಲುಗುತ್ತದೆ, ಒಂದೆರಡು ಡಿಗ್ರಿ ಸರಿದರೂ ಚಿತ್ರ ಹೋಗುತ್ತದೆ. ಗೋಡೆಗೆ ಬಿಗಿಯಿರಿ, ಅಥವಾ ನೆಲದಲ್ಲಿ ಕಾಂಕ್ರೀಟ್ ಹಾಕಿ ಪೈಪ್ ನಿಲ್ಲಿಸಿ.

ಪ್ರಶ್ನೆ: ಮನೆಯಿಂದ ಕಾರ್ ಶೆಡ್‌ಗೆ ವೈರನ್ನು ಮೇಲಿಂದ ಎಳೆಯಲೋ, ನೆಲದಲ್ಲಿ ಹೂಳಲೋ? ಹೇಗೂ ಶೆಡ್‌ಗೆ ಕರೆಂಟ್ ವೈರ್ ಪೈಪಿನಲ್ಲಿ ಹೋಗಿದೆ, ಅದರೊಳಗೇ ತೂರಿಸಬಹುದಾ?
(ಓದುಗರು, ಬೇಲೂರು)

ಉತ್ತರ: ಕರೆಂಟ್ ಪೈಪಿನೊಳಗೆ ಖಂಡಿತ ಬೇಡ. ಇಲಿ ಕಡಿದೋ ಬಿಸಿಗೋ ಒಂದರ ಮೇಲ್ಪದರ ಹೋಯಿತು ಅಂದರೆ 230 ವೋಲ್ಟ್ ನೇರ ನಿಮ್ಮ ಟಿವಿಗೂ ಡಿಶ್ ಕಂಬಕ್ಕೂ ಬಂತು ಅಂತಲೇ. ಬೇರೆ ಪೈಪ್ ಹಾಕಿ, ಎರಡರ ನಡುವೆ ಒಂದಡಿ ಜಾಗ ಬಿಡಿ.

ನನ್ನ ಓಟು ಹೂಳುವುದಕ್ಕೆ. ಮೇಲಿಂದ ಎಳೆದ ವೈರಿಗೆ ನಮ್ಮಲ್ಲಿ ಶತ್ರುಗಳು ಜಾಸ್ತಿ. ಮಂಗಗಳು ಅದನ್ನು ಹಿಡಿದು ಜೋತಾಡುತ್ತವೆ, ಮಳೆಗಾಲದಲ್ಲಿ ಕೊಂಬೆ ಮುರಿದು ಬೀಳುತ್ತದೆ, ಅಡಿಕೆ ಸೋಗೆ ಒಂದು ಬಿದ್ದರೆ ಸಾಕು. ಮೇಲಿಂದಲೇ ಆಗಬೇಕು ಅಂದರೆ ಮೊದಲು ಒಂದು ಜಿಐ ತಂತಿ (ಸತುವಿನ ಲೇಪದ ಕಬ್ಬಿಣದ ತಂತಿ) ಬಿಗಿದು ಅದಕ್ಕೆ ವೈರ್ ಕಟ್ಟಿ, ಭಾರ ತಂತಿಯ ಮೇಲಿರಲಿ. ಕರೆಂಟ್ ಕಂಬಕ್ಕೆ ಕಟ್ಟಬೇಡಿ.

ಹೂಳುವುದಾದರೆ ತೋಟದಲ್ಲಿ ನೀರಿಗೆ ಬಳಸುವ ಕಪ್ಪು ಪೈಪೇ ಸಾಕು, ಒಂದಿಂಚಿನದ್ದು. ಒಂದೂವರೆ ಅಡಿ ಆಳ, ಜೀಪು ಟ್ರ್ಯಾಕ್ಟರ್ ಓಡಾಡುವ ಕಡೆ ಇನ್ನೂ ಅರ್ಧ ಅಡಿ. ಬರಿ ವೈರನ್ನು ಮಣ್ಣಿಗೆ ಹಾಕಿದರೆ ಹೆಗ್ಗಣಕ್ಕೋ ಗುದ್ದಲಿಗೋ ಯಾವತ್ತಾದರೂ ಸಿಗುತ್ತದೆ. ಪೈಪ್ ಹಾಕುವಾಗ ಒಳಗೆ ಒಂದು ನೈಲಾನ್ ಹಗ್ಗವನ್ನೂ ಬಿಟ್ಟಿರಿ, ನಾಳೆ ಇನ್ನೊಂದು ವೈರ್ ಬೇಕಾದಾಗ ಅದಕ್ಕೆ ಕಟ್ಟಿ ಎಳೆಯಬಹುದು. ನಿಜ ಹೇಳಬೇಕೆಂದರೆ ಈಗಲೇ ಎರಡು ಡಿಶ್ ವೈರ್, ಒಂದು ಇಂಟರ್‌ನೆಟ್ ವೈರ್ ತೂರಿಸಿಬಿಡಿ. ಗುಂಡಿ ತೋಡಿಸುವ ಕೂಲಿಯ ಮುಂದೆ ವೈರಿನ ದುಡ್ಡು ಏನೂ ಅಲ್ಲ.

ನಡುವೆ ಜಾಯಿಂಟ್ ಬೇಡ, ಒಂದೇ ಉದ್ದದ ವೈರ್ ಇರಲಿ. ತುದಿಗೆ ಹಾಕುವ ಎಫ್ ಕನೆಕ್ಟರ್ ಕೈಯಲ್ಲಿ ತಿರುಗಿಸಿ ಸಿಕ್ಕಿಸುವಂಥದ್ದು ಬೇಡ, ಯಂತ್ರದಲ್ಲಿ ಒತ್ತಿ ಕೂರಿಸುವಂಥದ್ದು ಹಾಕಿಸಿ. ಹಾಕುವಾಗ ಪಕ್ಕದಲ್ಲಿ ನಿಂತು ನೋಡಿ: ಹೊರಗಿನ ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್, ಚಿತ್ರ ಇಲ್ಲ. ಎಲ್‌ಎನ್‌ಬಿ ಹತ್ತಿರ ವೈರನ್ನು ಬಾಯಿಗಿಂತ ಕೆಳಗೆ ಒಂದು ಸುತ್ತು ಬಾಗಿಸಿ ಬಿಡಿ, ಹರಿದು ಬಂದ ಮಳೆನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಹಳೇ ಸಂಪರ್ಕದಲ್ಲಿ ಮಳೆಗಾಲ ಮುಗಿದ ಮೇಲೂ ಚಿತ್ರ ಒಡೆಯುತ್ತಿದ್ದರೆ ಎಲ್‌ಎನ್‌ಬಿ ಕಡೆಯ ಕನೆಕ್ಟರ್ ಬಿಚ್ಚಿ ನೋಡಿ. ನಡುವಿನ ತಂತಿ ಕಪ್ಪಾಗಿದ್ದರೆ, ಜಾಲರಿ ಹಸಿರು ಹಿಡಿದಿದ್ದರೆ ನೀರು ಒಳಗೆ ಹೋಗಿದೆ. ತುದಿಯ ಒಂದಡಿ ಕತ್ತರಿಸಿ, ಅಲ್ಲೂ ಕಪ್ಪಿದ್ದರೆ ಇನ್ನೂ ಕತ್ತರಿಸಿ, ಬೆಳ್ಳಗಿನ ಜಾಲರಿ ಸಿಕ್ಕ ಮೇಲೆ ಹೊಸ ಕನೆಕ್ಟರ್ ಹಾಕಿ.

ಪ್ರಶ್ನೆ: ಶೆಡ್‌ನಲ್ಲಿ ಡಿಶ್ ವೈರಿನ ತುದಿ ಮುಟ್ಟಿದರೆ ಜುಮ್ ಅನ್ನುತ್ತೆ. ಸಿಡಿಲಿನ ಭಯವೂ ಇದೆ.
(ಓದುಗರು, ಚಿಕ್ಕಮಗಳೂರು)

ಉತ್ತರ: ಎರಡು ಪಿನ್ನಿನ ಅಡಾಪ್ಟರ್ ಇರುವ ಬಾಕ್ಸ್, ಟಿವಿಗಳಲ್ಲಿ ಸ್ವಲ್ಪ ಕರೆಂಟ್ ಸೋರಿಕೆ ಇದ್ದೇ ಇರುತ್ತದೆ, ಬರಿಗಾಲಲ್ಲಿ ಸಿಮೆಂಟ್ ನೆಲದ ಮೇಲೆ ನಿಂತು ಮುಟ್ಟಿದರೆ ಚುರ್ ಅನ್ನುತ್ತದೆ. ಆದರೆ ಅದು ಅಷ್ಟೇ ಅಂತ ಪತ್ರ ಓದಿ ನಾನು ಹೇಳಲಾರೆ. ಶೆಡ್‌ನ ವೈರಿಂಗ್‌ನಲ್ಲಿ ಅರ್ತ್ ಇಲ್ಲದಿದ್ದರೂ, ಎಲ್ಲೋ ಫೇಸ್ ತಾಗಿದ್ದರೂ ಹೀಗೇ ಆಗುತ್ತದೆ. ಪ್ಲಗ್ ಕಿತ್ತಿಟ್ಟು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ, ಅಲ್ಲಿವರೆಗೆ ಮುಟ್ಟಬೇಡಿ.

ಸಿಡಿಲಿನ ವಿಷಯದಲ್ಲಿ ನಿಮ್ಮ ಭಯ ಸರಿಯಾಗಿಯೇ ಇದೆ. ಎರಡು ಕಟ್ಟಡಗಳ ನಡುವೆ ಲೋಹದ ವೈರ್ ಇದ್ದರೆ ಒಂದರ ಹತ್ತಿರ ಬಿದ್ದ ಸಿಡಿಲು ಇನ್ನೊಂದರ ಟಿವಿಯನ್ನೂ ಸುಡಬಲ್ಲದು, ಹೂತಿಟ್ಟ ವೈರಾದರೂ ಅಷ್ಟೆ. ಡಿಶ್ ಕಂಬವನ್ನೂ, ವೈರಿನ ಹೊರ ಜಾಲರಿಯನ್ನೂ ಕಟ್ಟಡದ ಅರ್ತ್‌ಗೆ ಸೇರಿಸಿಸಿ. ಇಷ್ಟಾದರೂ ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಗುಡುಗು ದೂರದಲ್ಲಿ ಕೇಳಿದ ಕೂಡಲೇ ಬಾಕ್ಸಿನ ಪ್ಲಗ್ಗನ್ನೂ ಡಿಶ್ ವೈರನ್ನೂ ಎರಡೂ ಕೀಳುವುದು ಒಳ್ಳೆಯದು. ಬರೀ ಸ್ವಿಚ್ ಆರಿಸಿದರೆ ಸಾಲದು. ಸಿಡಿಲು ತಲೆ ಮೇಲೇ ಬಂದ ಮೇಲೆ ಕೀಳಲು ಹೋಗಬೇಡಿ, ಟಿವಿ ಹೋದರೆ ಹೋಗಲಿ.

ಪ್ರಶ್ನೆ: ನನಗೆ ಬೇರೆ ಚಾನೆಲ್ ಬೇಡ. ಮನೆ ಟಿವಿಯಲ್ಲಿ ಬರುವುದೇ ಶೆಡ್‌ನಲ್ಲೂ ಬಂದರೆ ಸಾಕು. ಇನ್ನೊಂದು ಬಾಕ್ಸ್ ಯಾಕೆ?
(ಓದುಗರು, ಚನ್ನರಾಯಪಟ್ಟಣ)

ಉತ್ತರ: ಬೇಡವೇ ಬೇಡ. ಬಾಕ್ಸಿನಿಂದ ಟಿವಿಗೆ ಚಿತ್ರ, ಶಬ್ದ ಒಯ್ಯುವ ವೈರಿಗೆ ಎಚ್‌ಡಿಎಂಐ ಅನ್ನುತ್ತಾರೆ. ಆ ಸಿಗ್ನಲನ್ನು ದೂರಕ್ಕೆ ಕಳಿಸಲು ಎಚ್‌ಡಿಎಂಐ ಎಕ್ಸ್‌ಟೆಂಡರ್ ಅಂತ ಒಂದು ಜೋಡಿ ಡಬ್ಬಿ ಬರುತ್ತದೆ. ಒಂದು ಮನೆಯ ಬಾಕ್ಸ್ ಹತ್ತಿರ, ಇನ್ನೊಂದು ಶೆಡ್‌ನ ಟಿವಿ ಹತ್ತಿರ, ನಡುವೆ ಕ್ಯಾಟ್ 6 ಅನ್ನುವ ಇಂಟರ್‌ನೆಟ್ ವೈರ್. ಸಾಮಾನ್ಯ ಜೋಡಿಗಳು 50, 60 ಮೀಟರ್‌ವರೆಗೆ ನಡೆಯುತ್ತವೆ. ಬರೀ ಎಚ್‌ಡಿಎಂಐ ವೈರನ್ನೇ ಅಷ್ಟುದ್ದ ಎಳೆಯುತ್ತೇನೆ ಅನ್ನಬೇಡಿ, 10, 15 ಮೀಟರ್ ದಾಟಿದರೆ ಅದನ್ನು ನಂಬುವಂತಿಲ್ಲ. ಮನೆ ಟಿವಿಯೂ ಜೊತೆಗೇ ನಡೆಯಬೇಕಾದರೆ ಎಚ್‌ಡಿಎಂಐ ಎರಡು ಕಡೆ ಕೊಡುವ ಸೌಲಭ್ಯ ಆ ಡಬ್ಬಿಯಲ್ಲೇ ಇದೆಯಾ ಅಂತ ಕೇಳಿ ತನ್ನಿ. ರಿಮೋಟಿನ ಸಂಕೇತ ವಾಪಸ್ ಕಳಿಸುವ ಕಣ್ಣು ಇರುವಂಥದ್ದೇ ತನ್ನಿ, ಇಲ್ಲವಾದರೆ ಚಾನೆಲ್ ಬದಲಿಸಲು ಪ್ರತಿ ಸಲ ಮನೆಗೆ ಓಡಬೇಕು.

ಎರಡೂ ಟಿವಿ ಒಟ್ಟಿಗೆ ಯಾವತ್ತೂ ನಡೆಯುವುದಿಲ್ಲ ಅಂದರೆ ಇನ್ನೂ ಅಗ್ಗದ ದಾರಿ ಇದೆ. ಎರಡು ಬಾಯಿಯ ಎಲ್‌ಎನ್‌ಬಿ ಹಾಕಿಸಿ ಎರಡು ಕಡೆ ವೈರ್ ಇಟ್ಟುಕೊಳ್ಳಿ, ಬಾಕ್ಸನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ.

ಮನೆಗೆ ಫೈಬರ್ ಇಂಟರ್‌ನೆಟ್ ಇರುವವರು ಡಿಶ್ ಗೊಡವೆಯನ್ನೇ ಬಿಟ್ಟು ಕ್ಯಾಟ್ 6 ವೈರನ್ನು ಶೆಡ್‌ಗೆ ಎಳೆದು, ಅಲ್ಲೊಂದು ರೂಟರ್ ಇಟ್ಟು ಆ್ಯಪ್‌ನಲ್ಲೇ ನೋಡಬಹುದು. 100 ಮೀಟರ್‌ವರೆಗೆ ಇದಕ್ಕೆ ತೊಂದರೆ ಇಲ್ಲ. ಮನೆಯ ವೈಫೈ ಶೆಡ್‌ಗೂ ಸಿಗಬಹುದು ಅಂತ ಮಾತ್ರ ನೆಚ್ಚಿಕೊಳ್ಳಬೇಡಿ, ದಪ್ಪ ಕಲ್ಲಿನ ಗೋಡೆ ಮತ್ತು ಜಿಂಕ್ ಶೀಟ್ ಎರಡೂ ಅದಕ್ಕೆ ಆಗದವು.

ಪ್ರಶ್ನೆ: ಎರಡನೇ ಬಾಕ್ಸ್‌ಗೂ ಪೂರ್ತಿ ತಿಂಗಳ ದುಡ್ಡು ಕಟ್ಟಬೇಕಾ?
(ಓದುಗರು, ಹಾಸನ)

ಉತ್ತರ: ಪೂರ್ತಿ ಕಟ್ಟುವ ಮೊದಲು ಮಲ್ಟಿ ಟಿವಿ ದರ (ಒಂದೇ ಮನೆಯ ಎರಡನೇ ಟಿವಿಗೆ ಇರುವ ದರ) ಎಷ್ಟು ಅಂತ ಕೇಳಿ. 2020ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಮಾಡಿದ ನಿಯಮದಲ್ಲಿ ಒಂದೇ ಮನೆಯ ಎರಡನೇ ಟಿವಿಯಿಂದ ನೆಟ್‌ವರ್ಕ್ ಶುಲ್ಕದ (ಸಂಪರ್ಕಕ್ಕೆ ಕಟ್ಟುವ ತಿಂಗಳ ದುಡ್ಡು) ಶೇಕಡಾ 40ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿರಲಿಲ್ಲ. ಆ ಶುಲ್ಕಕ್ಕೇ 200 ಚಾನೆಲ್‌ಗೆ 130 ರೂಪಾಯಿ ಅಂತ ಮಿತಿ ಇತ್ತು. 2024ರಲ್ಲಿ ಆ ಮಿತಿ ತೆಗೆದು ದರವನ್ನು ಕಂಪನಿಗಳಿಗೇ ಬಿಟ್ಟರು. ಹಾಗಾಗಿ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇರುತ್ತದೆ. ಚಾನೆಲ್ ದುಡ್ಡು ಇದಕ್ಕಿಂತ ಬೇರೆ. ಎರಡೂ ಬಾಕ್ಸ್‌ಗೆ ಒಂದೇ ಪ್ಯಾಕ್ ಇರಬೇಕು ಅಂತೇನಿಲ್ಲ. ಶೆಡ್‌ನ ಬಾಕ್ಸ್‌ಗೆ ಬರೀ ಸ್ಪೋರ್ಟ್ಸ್ ಮತ್ತು ಒಂದೆರಡು ನ್ಯೂಸ್ ಇಟ್ಟು, ಮನೆಯ ಬಾಕ್ಸಿನಿಂದ ಸ್ಪೋರ್ಟ್ಸ್ ತೆಗೆಸಿದರೆ ಬಿಲ್ ಎಷ್ಟೋ ಇಳಿಯುತ್ತದೆ.

ತಿಂಗಳ ದುಡ್ಡೇ ಬೇಡ ಅಂದರೆ ಶೆಡ್‌ಗೆ ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ ಹಾಕಿಸಿಕೊಳ್ಳಿ. ಡಿಶ್, ಬಾಕ್ಸ್ ಕೊಂಡರೆ ಮುಗಿಯಿತು, ಆಮೇಲೆ ರೀಚಾರ್ಜ್ ಇಲ್ಲ. ಚಂದನ ಬರುತ್ತದೆ. ನಿಮಗೆ ಬೇಕಾದ ಕನ್ನಡ ಧಾರಾವಾಹಿ ಚಾನೆಲ್‌ಗಳನ್ನೆಲ್ಲ ಅದರಲ್ಲಿ ಹುಡುಕಬೇಡಿ. ಮನೆಯ ಹಳೇ ಡಿಶ್ ಬೇರೆ ಉಪಗ್ರಹದ ಕಡೆ ತಿರುಗಿದ್ದರೆ ಅದರಿಂದ ಇದು ಬರುವುದಿಲ್ಲ, ಬೇರೆ ಡಿಶ್ ಬೇಕು.

ಪ್ರಶ್ನೆ: ಗ್ಯಾರೇಜನ್ನು ಹೋಂಸ್ಟೇ ರೂಮ್ ಮಾಡಿದ್ದೇವೆ. ಮನೆ ಡಿಶ್‌ನಿಂದಲೇ ಅತಿಥಿಗಳಿಗೂ ಕೊಡಬಹುದಾ?
(ಓದುಗರು, ಚಿಕ್ಕಮಗಳೂರು ತಾಲ್ಲೂಕು)

ಉತ್ತರ: ವೈರ್ ಎಳೆಯುವುದಕ್ಕೆ ಅಡ್ಡಿ ಇಲ್ಲ, ಮೇಲೆ ಹೇಳಿದ್ದೆಲ್ಲ ನಿಮಗೂ ಆಗುತ್ತದೆ. ಆದರೆ ಮನೆ ಬಳಕೆಯ ಸಂಪರ್ಕವನ್ನು ದುಡ್ಡು ಕೊಟ್ಟು ಉಳಿಯುವವರಿಗೆ ಕೊಡುವಂತಿಲ್ಲ, ನಿಯಮದ ಪ್ರಕಾರ ಅದು ವಾಣಿಜ್ಯ ಬಳಕೆ. ಕಂಪನಿಗೆ ಹೋಂಸ್ಟೇ ಅಂತಲೇ ಹೇಳಿ ಆ ರೂಮಿಗೆ ಅದಕ್ಕೆ ತಕ್ಕ ಸಂಪರ್ಕ ತಗೊಳ್ಳಿ. ಅಥವಾ ಒಳ್ಳೆ ವೈಫೈ ಕೊಡಿ, ಬಂದವರು ಅವರವರ ಫೋನಿನಲ್ಲೇ ನೋಡಿಕೊಳ್ಳುತ್ತಾರೆ.